ನಾವು ವಿಶೇಷ ಆಕರ್ಷಣೆಯಲ್ಲ

ನನಗೆ ಕಿವಿ ಕೇಳಿಸುವುದಿಲ್ಲ, ಹುಟ್ಟಿನಿಂದಲೇ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ತಡವಾಗಿ ಗೊತ್ತಾದವರು ಒಂದು ಗಳಿಗೆ ಗಾಬರಿಯಾಗಿ, ಆಮೇಲೆ ನನ್ನ ಕಿವಿಗೆ ಬಾಯಿ ಹಚ್ಚಿ ಕಿರುಚುತ್ತಾರೆ. ಕಿರುಚಿದರೆ ನನಗೆ ಸಿಗುವುದು ಬಿಸಿ ಗಾಳಿ, ಜೊತೆಗೆ ಅವರು ಬೆಳಿಗ್ಗೆ ಏನು ತಿಂದರು ಎಂಬ ಮಾಹಿತಿ. ಎದುರಿಗೆ ನಿಂತು, ಮುಖ ಕಾಣುವ ಹಾಗೆ ಸಾವಕಾಶ ಮಾತಾಡಿದರೆ ತುಟಿ ನೋಡಿ ಅರ್ಧದಷ್ಟು ಹಿಡಿದುಬಿಡುತ್ತೇನೆ. ಹಾಗೆ ನಿಂತು ಮಾತಾಡುವ ಪುಣ್ಯಾತ್ಮರು ಕಡಿಮೆ.

ಮುಂದೆ ನಾನು ಬರೆಯುವ ಮಾತುಗಳಲ್ಲಿ ಅರ್ಧ ಹಾಗೆ ತುಟಿಯ ಮೇಲೆ ಕಂಡವು. ಉಳಿದದ್ದೆಲ್ಲ ನನ್ನ ತಂಗಿ ಕೈಯಲ್ಲಿ ಹೇಳಿದ್ದು. ಅವಳಿಗೆ ಕಿವಿ ಕೇಳಿಸುತ್ತದೆ, ಸ್ವಲ್ಪ ಜಾಸ್ತಿಯೇ ಕೇಳಿಸುತ್ತದೆ. ಊರಿನ ಯಾವ ಮಾತೂ ಅವಳ ಕಿವಿ ತಪ್ಪಿಸಿಕೊಂಡು ಹೋಗುವುದಿಲ್ಲ. ಮಾತು ಕಲಿಯುವ ಮೊದಲೇ ಅವಳು ನನ್ನ ಜೊತೆ ಕೈಯಲ್ಲಿ ಜಗಳ ಆಡುವುದನ್ನು ಕಲಿತಿದ್ದಳು. ಈಗ ಡಿಗ್ರಿ ಓದುತ್ತಿದ್ದಾಳೆ, ಜಗಳ ಮಾತ್ರ ಬಿಟ್ಟಿಲ್ಲ.

ಚನ್ನಗಿರಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ನಾನು ಡಿಸೈನರ್. ಹುಟ್ಟುಹಬ್ಬದ ಶುಭಾಶಯ, ಗೃಹಪ್ರವೇಶ, ಭಾವಪೂರ್ಣ ಶ್ರದ್ಧಾಂಜಲಿ, ಹೊಸ ಅಡಿಕೆ ಮಂಡಿಯ ಉದ್ಘಾಟನೆ, ಎಲ್ಲ ನನ್ನ ಕೈಯಿಂದಲೇ ಹೊರಬೀಳುತ್ತವೆ. ತಾಲ್ಲೂಕಿನ ಯಾವ ಮುಖಂಡರ ಹುಟ್ಟುಹಬ್ಬ ಯಾವತ್ತು ಎಂಬುದು ಅವರ ಹೆಂಡತಿಗಿಂತ ಮೊದಲು ನನಗೆ ಗೊತ್ತಿರುತ್ತದೆ. ಅಂಗಡಿಯ ಮಾಲೀಕರನ್ನು ರಸ್ತೆಯವರೆಲ್ಲ ಚಾಚಾ ಅನ್ನುತ್ತಾರೆ, ನನಗೂ ಅವರು ಚಾಚಾನೇ. ನಮ್ಮಿಬ್ಬರದೇ ಒಂದು ಸನ್ನೆಯ ಭಾಷೆ ಇದೆ. ಅವರು ಮೀಸೆ ತಿರುವಿದರೆ ರಾಜಕೀಯದವರ ಆರ್ಡರ್, ಕಣ್ಣು ಮುಚ್ಚಿ ಕತ್ತು ವಾಲಿಸಿದರೆ ಶ್ರದ್ಧಾಂಜಲಿ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರೆ ಮದುವೆ ಮನೆಯವರು.

ಅಂಗಡಿಗೆ ಬರುವವರು ನನ್ನನ್ನು ನೋಡುವ ರೀತಿಯೇ ಒಂದು ತಮಾಷೆ. ಕಂಪ್ಯೂಟರ್ ಮುಂದೆ ಕೂತವನು ನಾನು, ಮೌಸ್ ನನ್ನ ಕೈಯಲ್ಲಿ, ಆದರೆ ಪ್ರಶ್ನೆ ಮಾತ್ರ ಚಾಚಾಗೆ. "ಇವ್ನಿಗೆ ಓದಾಕೆ ಬರ್ತೈತಾ?" ಅಂತ ಒಬ್ಬರು. ಅವರೇ ಬರೆದುಕೊಂಡು ಬಂದ ಚೀಟಿಯಲ್ಲಿ ನಾಲ್ಕು ಕಡೆ ಒತ್ತಕ್ಷರ ತಪ್ಪಿರುತ್ತದೆ, ಅದನ್ನು ನಾನು ತಿದ್ದುತ್ತಿರುತ್ತೇನೆ. ಇನ್ನೊಬ್ಬರು ತಲೆ ಸವರಿ ಹೋಗುತ್ತಾರೆ. ಮೀಸೆ ಬಂದು ಎಷ್ಟೋ ಕಾಲವಾದ ಗಂಡಸಿನ ತಲೆ ಸವರುವುದು ಯಾವ ಊರಿನ ಮರ್ಯಾದೆ? ಮತ್ತೊಬ್ಬರದ್ದು ಮಾಮೂಲಿ ಮಾತು: "ನಮ್ಮೂರಾಗೂ ಒಬ್ಬ ನಿನ್ನಂಗೇ ಅದಾನಪ್ಪ. ಪರಿಚಯ ಐತಾ?" ಕಿವಿ ಕೇಳದವರೆಲ್ಲ ಒಂದೇ ಮನೆಯವರು ಅಂತ ತಿಳಿದಿದ್ದಾರಲ್ಲ ಎಂದು ಸಿಟ್ಟು ಬರುತ್ತದೆ. ಅದಕ್ಕಿಂತ ದೊಡ್ಡ ಸಿಟ್ಟು ಯಾಕೆಂದರೆ, ಬಹಳ ಸಲ ಪರಿಚಯ ಇದ್ದೇ ಇರುತ್ತದೆ!

ಇರದೆ ಏನು ಮಾಡೀತು? ನಾವೆಲ್ಲ ಚಿಕ್ಕಂದಿನಲ್ಲಿ ದಾವಣಗೆರೆಯ ಒಂದೇ ವಸತಿ ಶಾಲೆಯಲ್ಲಿ ಬೆಳೆದವರು. ಹೊನ್ನಾಳಿಯವನು ಮೊಬೈಲ್ ರಿಪೇರಿ ಮಾಡುತ್ತಾನೆ. ನ್ಯಾಮತಿಯವನು ಬೇಕರಿಯಲ್ಲಿದ್ದಾನೆ, ಅವನ ಕೈಯ ದಿಲ್‌ಪಸಂದ್ ತಿಂದವರು ಅವನ ಕಿವಿಯ ಬಗ್ಗೆ ಕೇಳುವುದಿಲ್ಲ. ಜಗಳೂರಿನವನು ವೆಲ್ಡಿಂಗ್ ಮಾಡುತ್ತಾನೆ. ತೋಳು ನೋಡಿದರೆ ಕಿಟಕಿಯ ಸರಳುಗಳನ್ನು ಬರಿಗೈಯಲ್ಲೇ ಬಗ್ಗಿಸುತ್ತಾನೇನೋ ಅನ್ನಿಸುತ್ತದೆ, ಮುಖ ನೋಡಿದರೆ ಮಾತ್ರ ಮಗು. ಸಾಯಂಕಾಲ ಕೆಲಸ ಮುಗಿದ ಮೇಲೆ ವಿಡಿಯೋ ಕಾಲ್ ಹಚ್ಚುತ್ತೇವೆ. ಬಸ್ಸಿನಲ್ಲಿ ಫೋನು ಕಿಟಕಿಗೆ ಒರಗಿಸಿ ನಾನು ಎರಡೂ ಕೈ ಬೀಸಿ ಮಾತಾಡುವಾಗ ಪಕ್ಕದವರು ಮೆಲ್ಲಗೆ ಎದ್ದು ಬೇರೆ ಸೀಟು ಹುಡುಕುತ್ತಾರೆ. ಒಮ್ಮೆ ಒಬ್ಬ ಅಜ್ಜಿ ನನ್ನ ಕೈ ಹಿಡಿದು, "ಜಗಳ ಬ್ಯಾಡ ಕಣಪ್ಪ, ಯಾರೇ ಆಗ್ಲಿ ಬಿಟ್ಬಿಡು" ಎಂದು ಸಮಾಧಾನ ಮಾಡಿದರು. ನಾನು ನ್ಯಾಮತಿಯವನಿಗೆ ಊಟ ಆಯ್ತಾ ಎಂದು ಕೇಳುತ್ತಿದ್ದೆ.

ನಮ್ಮನ್ನು ಒಟ್ಟಿಗೆ ಕಟ್ಟಿಹಾಕಿದ್ದು ಕಬಡ್ಡಿ. ಶಾಲೆಯ ಹಿಂದಿನ ಮಣ್ಣಿನಲ್ಲಿ ಶುರುವಾದದ್ದು ಈಗಲೂ ಬಿಟ್ಟಿಲ್ಲ. ಬಿಡುವಿದ್ದ ಭಾನುವಾರ ನಾಲ್ಕು ಊರಿನ ಏಳೆಂಟು ಜನ ಒಂದು ಕಡೆ ಸೇರಿ ಮೈ ಕೈ ಮಣ್ಣು ಮಾಡಿಕೊಂಡು ಹೋಗುತ್ತೇವೆ. ಕಬಡ್ಡಿಯಲ್ಲಿ ಎದುರಾಳಿಗಳ ಅಂಕಣಕ್ಕೆ ನುಗ್ಗಿದವನು ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಅನ್ನುತ್ತ ಮುಟ್ಟಿ ಬರಬೇಕು, ದಮ್ಮು ಬಿಟ್ಟರೆ ಔಟ್. ಕೇಳದವರು ಕೇಳದವರಲ್ಲೇ ಆಡುವಾಗ ಯಾರ ದಮ್ಮನ್ನು ಯಾರು ಕೇಳುತ್ತಾರೆ? ಹಾಗಾಗಿ ನಮ್ಮದೊಂದು ಕಾನೂನು ಇತ್ತು, ತುಟಿ ಅಲ್ಲಾಡುತ್ತಿದ್ದರೆ ಸಾಕು. ತುಟಿ ಅಲ್ಲಾಡಿಸುತ್ತ ಮೂಗಿನಲ್ಲಿ ಆರಾಮಾಗಿ ಉಸಿರು ಎಳೆದುಕೊಳ್ಳುವುದು ಹೇಗೆ ಎಂಬುದರಲ್ಲಿ ಹೊನ್ನಾಳಿಯವನು ಪಂಡಿತ. ನಾವೂ ಏನು ಸಾಚಾಗಳಲ್ಲ.

ಹೀಗಿರುವಾಗ ಒಂದು ದಿನ ನಲ್ಲೂರಿನ ಆಚೆಯ ಒಂದು ಊರಿನ ಯುವಕ ಸಂಘದ ಅಧ್ಯಕ್ಷರು ಅಂಗಡಿಗೆ ಬಂದರು. ಕಬಡ್ಡಿ ಪಂದ್ಯಾವಳಿಯ ಫ್ಲೆಕ್ಸ್ ಆಗಬೇಕಿತ್ತು. ಪಂದ್ಯಾವಳಿ ಎಂಬ ಪದ ಚೀಟಿಯಲ್ಲಿ ಕಂಡದ್ದೇ ನನ್ನ ಎದೆ ಡವಡವ ಅನ್ನತೊಡಗಿತು. ನನ್ನ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದೆ: ನಮ್ಮದೂ ಒಂದು ತಂಡ ಇದೆ, ನಮ್ಮನ್ನೂ ಸೇರಿಸಿಕೊಳ್ಳಿ. ಅವರು ಓದಿದರು. ಅವರ ಮುಖ ಕರಗಿಹೋಯಿತು. ಕರಗಿದ ಮುಖ ಕಂಡರೆ ನನಗೆ ಭಯ, ಯಾಕೆಂದರೆ ಅದರ ಹಿಂದೆಯೇ ಕೈ ತಲೆಯ ಮೇಲೆ ಬರುತ್ತದೆ. ಬಂತು.

ಮರುದಿನ ವಾಟ್ಸಾಪಿನಲ್ಲಿ ಅವರ ಹೊಸ ಸಾಲು ಬಂತು. 'ವಿಶೇಷ ಆಕರ್ಷಣೆ: ಮೂಕ ಮತ್ತು ಕಿವುಡ ಯುವಕರಿಂದ ಪ್ರದರ್ಶನ ಪಂದ್ಯ. ನಂತರ ಸದರಿ ಯುವಕರಿಗೆ ಶಾಲು ಹೊದಿಸಿ ಸನ್ಮಾನ.' ಅದನ್ನು ಕೆಂಪು ಅಕ್ಷರದಲ್ಲಿ, ನಕ್ಷತ್ರದ ಗುರುತು ಹಾಕಿ, ಕೆಳಗೆ ಹಾಕಬೇಕಂತೆ. ಹಾಕಬೇಕಾದವನು ನಾನೇ! ಪ್ರದರ್ಶನವಂತೆ ಪ್ರದರ್ಶನ, ನಾವೇನು ಸರ್ಕಸ್ಸಿನಿಂದ ಬಂದವರಾ? ಆಟವನ್ನೇ ಆಡಿಸದೆ ಶಾಲು ಹೊದಿಸಿ ಕಳಿಸುವುದು ಅಂದರೆ ಊಟಕ್ಕೆ ಕರೆದು ಎಲೆ ಹಾಕದೆ ತಾಂಬೂಲ ಕೊಟ್ಟ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಜಗಳೂರಿನವನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವನು ನಮ್ಮ ಕ್ಯಾಪ್ಟನ್. ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ಓದಿ, ಸಿಟ್ಟಾಗುವ ಬದಲು ನಗತೊಡಗಿದ. ಆಮೇಲೆ ಕೈಯಲ್ಲಿ ಕೇಳಿದ: "ಫ್ಲೆಕ್ಸ್ ಡಿಸೈನ್ ಮಾಡುವವರು ಯಾರು?"

ಆಹಾ! ಆ ಪ್ರಶ್ನೆ ನನಗೆ ಯಾಕೆ ಹೊಳೆದಿರಲಿಲ್ಲ!

ವಿಶೇಷ ಆಕರ್ಷಣೆಯ ಸಾಲನ್ನು ಕಿತ್ತುಹಾಕಿದೆ. ಭಾಗವಹಿಸುವ ತಂಡಗಳ ಸಾಲಿನಲ್ಲಿ ಚನ್ನಗಿರಿ-ಹೊನ್ನಾಳಿ-ನ್ಯಾಮತಿ-ಜಗಳೂರು ತಂಡ ಎಂದು, ಉಳಿದವರಷ್ಟೇ ದಪ್ಪದ ಅಕ್ಷರದಲ್ಲಿ, ಅವರಿಗಿಂತ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲದ ಹಾಗೆ ಕೂರಿಸಿದೆ. ಇನ್ನು ಅಧ್ಯಕ್ಷರ ಕಣ್ಣು ತಪ್ಪಿಸಬೇಕಲ್ಲ? ಈ ಕಸುಬಿನಲ್ಲಿ ನಾನು ಕಲಿತ ಪಾಠ ಒಂದೇ, ಫ್ಲೆಕ್ಸ್ ಮಾಡಿಸಿದವರು ತಮ್ಮ ಫೋಟೋ ಬಿಟ್ಟು ಬೇರೇನೂ ನೋಡುವುದಿಲ್ಲ. ಅವರ ಫೋಟೋ ಎರಡು ಪಟ್ಟು ಮಾಡಿದೆ. ಮುಖ ಬೆಳ್ಳಗೆ ಮಾಡಿದೆ. ಹಿಂದೆ ಉದಯಿಸುವ ಸೂರ್ಯನನ್ನು ಇಟ್ಟೆ. ಕಳಿಸಿದ ತಕ್ಷಣ ಉತ್ತರ ಬಂತು: 'ಸೂಪರ್. ಪ್ರಿಂಟ್ ಹೊಡೀರಿ.'

ಮೂರು ಊರಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿದ ಮೇಲೆ ಯಾರೋ ಅವರಿಗೆ ಅದನ್ನು ಪೂರ್ತಿ ಓದಿ ಹೇಳಿದರು. ಬೈಕಿನಿಂದ ಇಳಿದವರೇ ಅಂಗಡಿಯ ಕೌಂಟರ್ ಬಡಿದರು. ಹಲಗೆ ನಡುಗಿದ್ದು ನನ್ನ ಮೊಣಕೈಗೆ ಗೊತ್ತಾಯಿತು. ತಂಗಿ ಅವತ್ತು ಕಾಲೇಜು ಬಿಟ್ಟು ಅಂಗಡಿಗೆ ಬಂದಿದ್ದಳು, ಹಾಗಾಗಿ ಮಾತೆಲ್ಲ ನನಗೆ ಬಿಸಿಬಿಸಿಯಾಗಿಯೇ ಸಿಕ್ಕಿತು.

"ಚಾಚಾ, ಏನಿದು? ಇವ್ರನ್ನ ಟೀಮಿನಾಗೆ ಹಾಕೀರಿ! ಎದುರಿನೋರು ಕಾಲು ಮುರದ್ರೆ ಯಾರ್ರಿ ಜವಾಬ್ದಾರಿ? ಪಾಪ, ಬಾಯಿಬಿಟ್ಟು ಅಯ್ಯೋ ಅನ್ನಾಕೂ ಬರಲ್ಲ ಅವ್ರಿಗೆ."

ಚಾಚಾ ಗಡ್ಡ ಕೆರೆದುಕೊಂಡರು. ಅವರಿಗೂ ಈ ವಿಷಯ ಗೊತ್ತಿರಲಿಲ್ಲ. ನನ್ನ ಕಡೆ ಒಂದು ಸಲ ಕಣ್ಣು ಕೆಂಪಗೆ ಮಾಡಿ ನೋಡಿದರು. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, "ಗಲತಿ ಆಗೈತೆ ಸಾಹೇಬ್ರೆ, ಇಲ್ಲ ಅನ್ನಲ್ಲ. ಈಗ್ಲೇ ಇಳಿಸಿ ಹೊಸಾದು ಹಾಕ್ಸೋಣ. ಆದ್ರೆ ಇಂಥ ಫೋಟೋ ಮತ್ತೆ ಬರ್ತೈತೋ ಇಲ್ವೋ ನಾ ಹೇಳಾಕಾಗಲ್ಲ ನೋಡ್ರಿ" ಎಂದರು.

ಅಧ್ಯಕ್ಷರು ಗೋಡೆಗೆ ಒರಗಿಸಿಟ್ಟಿದ್ದ ಉಳಿದ ಫ್ಲೆಕ್ಸ್ ಕಡೆ ನೋಡಿದರು. ಸೂರ್ಯ ಇನ್ನೂ ಅವರ ತಲೆಯ ಹಿಂದೆಯೇ ಇದ್ದ. "ಆಯ್ತು ಬಿಡ್ರಿ, ಆಡ್ಲಿ" ಎಂದರು. ಹೋಗುತ್ತ ಹೋಗುತ್ತ ತಿರುಗಿ, "ಶಾಲು ಮಾತ್ರ ಇದ್ದೇ ಇರುತ್ತೆ, ಹೇಳವ್ವ ನಿಮ್ಮಣ್ಣಂಗೆ" ಎಂದು ತಂಗಿಗೆ ಅಪ್ಪಣೆ ಕೊಟ್ಟರು. ಅವರು ಹೋದದ್ದೇ ಚಾಚಾ ನನ್ನ ಬೆನ್ನಿಗೆ ಗುದ್ದಿದರು. ನೋಯಿತು. ಆದರೆ ಗುದ್ದಿದ ಮೇಲೆ ನಗುತ್ತಿದ್ದರು.

ಪಂದ್ಯದ ದಿನ ಬೆಳಿಗ್ಗೆ ಮೈದಾನಕ್ಕೆ ಹೋದಾಗ ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಸಿಮಣ್ಣು ಹದ ಮಾಡಿ, ಸುಣ್ಣದ ಗೆರೆ ಹೊಡೆದು, ಸುತ್ತ ಅಡಿಕೆ ದಬ್ಬೆ ನೆಟ್ಟು ಹಗ್ಗ ಕಟ್ಟಿದ್ದರು. ಟ್ರ್ಯಾಕ್ಟರ್ ಮೇಲೆ, ಶಾಲೆಯ ಕಾಂಪೌಂಡಿನ ಮೇಲೆ, ಎಲ್ಲಿ ನೋಡಿದರೂ ಜನ. ಅಂಪೈರ್ ಒಬ್ಬ ದೈಹಿಕ ಶಿಕ್ಷಣದ ಮೇಷ್ಟ್ರು. ವಿಸಿಲ್ ಊದಿದರೆ ನಮಗೆ ಕೇಳುವುದಿಲ್ಲ ಎಂದು ತಂಗಿ ಹೇಳಿದಳು. ಅವರು ಕರಗಲೂ ಇಲ್ಲ, ತಲೆ ಸವರಲೂ ಇಲ್ಲ. ಹೆಗಲ ಮೇಲಿದ್ದ ಕೆಂಪು ಟವೆಲ್ ತೆಗೆದು, ವಿಸಿಲ್ ಊದಿದಾಗಲೆಲ್ಲ ಇದನ್ನು ಎತ್ತುತ್ತೇನೆ, ಕಂಡ ತಕ್ಷಣ ನಿಲ್ಲಬೇಕು ಎಂದು ಮಾಡಿ ತೋರಿಸಿದರು. ಅಷ್ಟೇ. ಅಷ್ಟೇ ಬೇಕಾಗಿದ್ದದ್ದು ನಮಗೆ. ಆ ಮೇಷ್ಟ್ರ ಕಾಲಿಗೆ ಬೀಳೋಣ ಅನ್ನಿಸಿತು.

ಎದುರಿಗೆ ಬಂದದ್ದು ಕತ್ತಲಗೆರೆ ಕಡೆಯ ತಂಡ. ಅದರ ಕ್ಯಾಪ್ಟನ್ ಜೆಸಿಬಿ ಓಡಿಸುವವನಂತೆ. ಅವನು ನಿಂತರೆ ಅಂಕಣದ ಒಂದು ಮೂಲೆ ಭರ್ತಿ.

ಆಟ ಶುರುವಾಯಿತು. ನಮ್ಮ ಹೊನ್ನಾಳಿಯವನು ಮೊದಲು ನುಗ್ಗಿದ. ಕೈ ಚಾಚಿದ, ಒಬ್ಬನಿಗೆ ಮೊಳದಷ್ಟು ದೂರದಲ್ಲಿ ಕೈ ಹೋಯಿತು. ಆ ಹುಡುಗ ತಾನೇ ಕೈಯೆತ್ತಿ ಔಟ್ ಎಂದು ಆಚೆ ನಡೆದ! ಜನ ಚಪ್ಪಾಳೆ ತಟ್ಟಿದರು. ಆಮೇಲೆ ನಾನು ಹೋದೆ. ಜೆಸಿಬಿಯವನ ಮುಂದೆಯೇ ಬೇಕಂತ ಕಾಲು ಇಟ್ಟೆ, ಹಿಡಿಯಲಿ ಅಂತ. ಅವನು ನನ್ನ ಕಾಲನ್ನು ಮಗುವಿನ ಕಾಲು ಮುಟ್ಟಿದ ಹಾಗೆ ಮುಟ್ಟಿ ಬಿಟ್ಟ. ಮತ್ತೆ ಚಪ್ಪಾಳೆ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವರ ತಂಡದವರು ನಮ್ಮ ಕಡೆ ಬಂದು ಬೇಕಂತಲೇ ಸಿಕ್ಕಿಬೀಳುತ್ತಿದ್ದರು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಮ್ಮ ಪಾಯಿಂಟ್ ಏರುತ್ತಲೇ ಹೋಯಿತು. ಗೆಲ್ಲುತ್ತಿದ್ದೆವು, ಆದರೆ ನಮ್ಮಲ್ಲಿ ಒಬ್ಬನ ಮುಖದಲ್ಲೂ ನಗು ಇರಲಿಲ್ಲ. ನ್ಯಾಮತಿಯವನು ನನ್ನ ಕಡೆ ನೋಡಿ ಕೈಯಲ್ಲಿ, "ಇದಕ್ಕಿಂತ ಬೇಕರಿಯಲ್ಲಿ ಇರಬಹುದಿತ್ತು" ಎಂದ.

ಅರ್ಧ ಆಟದ ಹೊತ್ತಿಗೆ ನಮ್ಮ ಕ್ಯಾಪ್ಟನ್ ಅಂಕಣ ಬಿಟ್ಟು ಹೊರಗೆ ನಡೆದ. ಎಲ್ಲಿಗೆ ಹೋಗುತ್ತಾನೆ ಎಂದು ನೋಡುತ್ತ ನಿಂತೆವು. ಸೀದಾ ಕಪ್ಪು ಹಲಗೆಯ ಹತ್ತಿರ ಹೋದವನೇ ನಮ್ಮ ಪಾಯಿಂಟನ್ನೆಲ್ಲ ಅಂಗೈಯಿಂದ ಒರೆಸಿಬಿಟ್ಟ. ಒಂದೂ ಉಳಿಸಲಿಲ್ಲ. ಕೈಯ ಸುಣ್ಣ ಚಡ್ಡಿಗೆ ಒರೆಸಿಕೊಂಡು ಜೆಸಿಬಿಯವನ ಎದುರಿಗೆ ಬಂದು ನಿಂತು, ತೊಡೆ ತಟ್ಟಿದ.

ತೊಡೆ ತಟ್ಟಿದ್ದು ಅರ್ಥವಾಗಲು ಕಿವಿಯೂ ಬೇಡ, ಬಾಯಿಯೂ ಬೇಡ. ಈ ಸೀಮೆಯ ಎಳೆ ಮಗುವಿಗೂ ಅದು ಅರ್ಥವಾಗುತ್ತದೆ. ಚಪ್ಪಾಳೆ ತಟ್ಟುತ್ತಿದ್ದ ಕೈಗಳು ಹಾಗೇ ನಿಂತವು. ಜೆಸಿಬಿಯವನ ಮುಖದಲ್ಲಿದ್ದ ಅಯ್ಯೋ ಪಾಪ ಮೆಲ್ಲಗೆ ಇಳಿದುಹೋಗಿ, ಅದರ ಜಾಗದಲ್ಲಿ ಕೆಂಪು ಏರಿತು. "ಓಹೋ, ಹಂಗೋ! ಬಾ ಮತ್ತೆ" ಎಂದ. ಆ ತುಟಿಗಳನ್ನು ನಾನೇ ಓದಿದೆ. ಮೈಯೆಲ್ಲ ಜುಮ್ಮೆಂದಿತು.

ಅಲ್ಲಿಂದ ಮುಂದೆ ನಡೆದದ್ದು ಕಬಡ್ಡಿ! ನಾನು ಮೊದಲ ಸಲ ನುಗ್ಗಿದಾಗಲೇ ಮೂವರು ಸೇರಿ ಎತ್ತಿ ಒಗೆದರು. ಬಾಯಿತುಂಬ ಮಣ್ಣು. ಆ ಮಣ್ಣಿನ ರುಚಿ ಏನು ಹೇಳಲಿ, ನ್ಯಾಮತಿಯವನ ದಿಲ್‌ಪಸಂದ್ ಅದರ ಮುಂದೆ ಸಪ್ಪೆ. ನಮ್ಮ ಕ್ಯಾಪ್ಟನ್ ಅವರ ರೈಡರನ್ನು ಸೊಂಟಕ್ಕೆ ಹಿಡಿದು ಗೆರೆಯಾಚೆ ಇಟ್ಟ. ಹೊನ್ನಾಳಿಯವನ ಮೊಣಕೈ ಜೆಸಿಬಿಯವನ ಮೂಗಿಗೆ ತಾಗಿ ರಕ್ತ ಬಂತು. ಅವನು ಅದನ್ನು ತೋಳಿನಿಂದ ಒರೆಸಿಕೊಂಡು ಮತ್ತೆ ಬಂದು ನಿಂತ. ಅವರು ನಮ್ಮ ಎದುರಿಗೇ ನಿಂತು ಜೋರಾಗಿ ಉಪಾಯ ಮಾಡುತ್ತಿದ್ದರು, ಹೇಗೂ ಇವರಿಗೆ ಕೇಳುವುದಿಲ್ಲವಲ್ಲ ಅಂತ. "ಬೋನಸ್ ಗೆರೆಗೆ ಬರ್ತಾನೆ, ಎಡಗಾಲಿಗೆ ಬೀಳು" ಎಂದು ಜೆಸಿಬಿಯವನು ಹೇಳಿದ್ದು ಅವನ ತುಟಿಯ ಮೇಲೆ ಫ್ಲೆಕ್ಸಿನಷ್ಟು ದೊಡ್ಡದಾಗಿ ಕಂಡಿತು. ಎಡಗಾಲು ತೋರಿಸಿ ಬಲಗಾಲಿನಲ್ಲಿ ಒಬ್ಬನನ್ನು ಮುಟ್ಟಿ ಬಂದೆ. ಇನ್ನೊಮ್ಮೆಯೂ ಹಾಗೇ ಆದಾಗ ಅವನಿಗೆ ಗೊತ್ತಾಗಿಹೋಯಿತು. "ಲೇ, ಇವ್ನು ಬಾಯಿ ನೋಡ್ತಾನೆ ಕಣ್ರೋ!" ಅಂದವನೇ ಎಲ್ಲರನ್ನೂ ಬೆನ್ನು ತಿರುಗಿಸಿ ನಿಲ್ಲಿಸಿದ. ನನ್ನ ಎದುರಿಗೆ ಏನು ಬೇಕಾದರೂ ಮಾತಾಡುವ ಜನರನ್ನೇ ಜೀವಮಾನವೆಲ್ಲ ಕಂಡಿದ್ದೆ. ನನಗೆ ಹೆದರಿ ಬೆನ್ನು ತಿರುಗಿಸಿದವರು ಇವರೇ ಮೊದಲು.

ಪಾಯಿಂಟ್ ಹೆಚ್ಚುಕಡಿಮೆ ಸಮ ಆಗುತ್ತ ಬಂದಾಗ ಜೆಸಿಬಿಯವನು ಅಂಪೈರ್ ಹತ್ತಿರ ಹೋಗಿ ಕೈ ಆಡಿಸಿ ಕೂಗಾಡತೊಡಗಿದ. ತಂಗಿ ಹಗ್ಗದ ಆಚೆ ನಿಂತು ನನಗೆ ಹೇಳುತ್ತಿದ್ದಳು.

"ಸಾರ್, ಇವ್ರು ದಮ್ಮೇ ಹಿಡೀತಿಲ್ಲ! ಬರೀ ತುಟಿ ಅಲ್ಲಾಡಿಸ್ತಾರೆ. ಒಳಗೆ ಉಸ್ರು ತಗಂತಾರೋ ಬಿಡ್ತಾರೋ ಹೆಂಗೆ ಗೊತ್ತಾಗ್ಬೇಕು?"

ಅಧ್ಯಕ್ಷರು ಓಡಿ ಬಂದರು. "ಏ, ಪಾಪ ಕಣೋ. ದೇವ್ರೇ ಅವ್ರಿಗೆ ಬಾಯಿ ಕೊಟ್ಟಿಲ್ಲ. ಬಿಡ್ರೋ ಹೋಗ್ಲಿ."

"ನೀವು ಪಾಪ ಅಂತೀರಿ. ನನ್ನ ಮೂಗು ನೋಡ್ರಿ ಇಲ್ಲಿ, ಪಾಪ ಅಂತೆ ಪಾಪ!"

ತಂಗಿ ಇದನ್ನು ಹೇಳುವಾಗ ಸಿಟ್ಟಿನಲ್ಲಿದ್ದಳು. ನನಗೆ ಕುಣಿಯಬೇಕು ಅನ್ನಿಸಿತು. ನಮ್ಮ ಮೇಲೆ ತಕರಾರು ತೆಗೆದಿದ್ದಾನೆ! ಇಷ್ಟು ವರ್ಷದಲ್ಲಿ ನನ್ನ ಮೇಲೆ ಯಾರೂ ತಕರಾರು ತೆಗೆದಿರಲಿಲ್ಲ. ಅಂಗಡಿಯಲ್ಲಿ ಬಣ್ಣ ತಪ್ಪಾದರೂ ಬೈಸಿಕೊಳ್ಳುವವರು ಚಾಚಾ, ನನಗೆ ಮಾತ್ರ ಪಾಪ. ಅದೂ ಅಲ್ಲದೆ ತಕರಾರು ನ್ಯಾಯವಾಗಿತ್ತು. ಹೊನ್ನಾಳಿಯವನು ಕಳ್ಳನಗೆ ನಗುತ್ತ ನೆಲ ನೋಡುತ್ತಿದ್ದ.

ಅಂಪೈರ್ ಯೋಚಿಸಿ ತಂಗಿಯನ್ನು ಕರೆದರು. ಅಕ್ಷರ ಸ್ಪಷ್ಟ ಬರಬೇಕು ಅಂತ ನಾನು ಕೇಳಲ್ಲ, ಆದರೆ ದನಿ ಬರಬೇಕು, ಒಂದೇ ಉಸಿರಿನಲ್ಲಿ ಬರಬೇಕು, ನನಗೆ ಕೇಳಬೇಕು, ಇಲ್ಲದಿದ್ದರೆ ಔಟ್. ಇಷ್ಟು ಹೇಳಿ ಟವೆಲ್ ಹೆಗಲಿಗೆ ಹಾಕಿಕೊಂಡರು.

ನಮ್ಮವರೆಲ್ಲ ನನ್ನ ಕಡೆ ತಿರುಗಿದರು.

ಯಾಕೆಂದರೆ ನನಗೆ ದನಿ ಇದೆ. ಶಾಲೆಯಲ್ಲಿ ಟೀಚರ್ ನನ್ನ ಕೈಯನ್ನು ತಮ್ಮ ಗಂಟಲ ಮೇಲೆ ಇಟ್ಟು, ಇನ್ನೊಂದು ಕೈಯನ್ನು ನನ್ನ ಎದೆಯ ಮೇಲೆ ಇಟ್ಟು ಬಹಳ ಕಷ್ಟಪಟ್ಟು ಕಲಿಸಿದ್ದರು. ಚೆನ್ನಾಗಿ ಬರುತ್ತಿದೆ ಎಂದು ಬೆನ್ನು ತಟ್ಟುತ್ತಿದ್ದರು. ನಾನು ಅದನ್ನು ನಂಬಿ, ರಜೆಯಲ್ಲಿ ಊರಿಗೆ ಬಂದವನು ಅಂಗಡಿಗೆ ಹೋಗಿ ದೊಡ್ಡದಾಗಿ 'ಪೆನ್ನು' ಎಂದೆ. ಅಂಗಡಿಯಲ್ಲಿದ್ದವರೆಲ್ಲ ತಟ್ಟನೆ ತಿರುಗಿದರು. ಯಾರದೋ ಕಂಕುಳಲ್ಲಿದ್ದ ಮಗು ಹೆದರಿ ಅತ್ತಿತು, ಇಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪೆನ್ನು ಕೊಟ್ಟರು. ಅವತ್ತೇ ನಾನು ಬಾಯಿ ಮುಚ್ಚಿದೆ. ಆಮೇಲೆ ಮನೆಯವರ ಎದುರಿಗಾಗಲಿ ಹೊರಗಿನವರ ಎದುರಿಗಾಗಲಿ ಒಮ್ಮೆಯೂ ದನಿ ತೆಗೆದಿರಲಿಲ್ಲ, ಬೆರಳು ಬಾಗಿಲಿಗೆ ಸಿಕ್ಕಾಗಲೂ ಇಲ್ಲ. ನನ್ನನ್ನು ಮೂಗ ಅನ್ನುವವರಿಗೆ ಆ ಹೆಸರು ಕೊಟ್ಟವನು ಅರ್ಧ ನಾನೇ.

ಈಗ ಈ ಜಾತ್ರೆಯಂಥ ಜನದ ಎದುರಿಗೆ ಅದೇ ದನಿ ತೆಗೆಯಬೇಕು. ತೆಗೆಯದಿದ್ದರೆ ಅಧ್ಯಕ್ಷರ ಮಾತೇ ಗೆಲ್ಲುತ್ತದೆ: ಪಾಪ, ಬಿಡ್ರೋ ಹೋಗ್ಲಿ. ಮತ್ತೆ ತಲೆ ಸವರುವ ಕೈ, ಮತ್ತೆ ಶಾಲು. ನಮ್ಮ ಕ್ಯಾಪ್ಟನ್ ನನ್ನ ಎದುರಿಗೆ ಬಂದ. ಅವನ ಕೈ ಬಹಳ ಸಣ್ಣದಾಗಿ ಹೇಳಿತು: "ನಕ್ಕರೆ ನಗಲಿ. ನಮಗೇನು ಕೇಳಿಸುತ್ತದಾ?"

ನನಗೆ ನಗು ಬಂದುಬಿಟ್ಟಿತು. ಆ ನಗುವಿನಲ್ಲೇ ಎದೆತುಂಬ ಉಸಿರು ಎಳೆದುಕೊಂಡು ಮಧ್ಯದ ಗೆರೆ ದಾಟಿದೆ.

ದನಿ ತೆಗೆದೆ. ಗಂಟಲು ನಡುಗಿತು, ಎದೆ ನಡುಗಿತು, ಹಲ್ಲಿನವರೆಗೂ ಆ ನಡುಕ ಬಂತು. ಅದು 'ಕಬಡ್ಡಿ' ಆಗಿತ್ತೋ ಬೇರೇನಾಗಿತ್ತೋ ನನಗೆ ತಿಳಿಯದು. ಟ್ರ್ಯಾಕ್ಟರ್ ಮೇಲಿನ ಕೆಲವರು ಹಲ್ಲು ಬಿಟ್ಟದ್ದು ಕಂಡಿತು. ಕಾಂಪೌಂಡಿನ ಮೇಲೆ ಒಬ್ಬ ಇನ್ನೊಬ್ಬನ ಬೆನ್ನಿಗೆ ಹೊಡೆದು ನಗುತ್ತಿದ್ದ. ಆದರೆ ಎದುರಿಗಿದ್ದ ತಂಡದಲ್ಲಿ ಯಾರೂ ನಗುತ್ತಿರಲಿಲ್ಲ. ಅವರ ಕಣ್ಣು ನನ್ನ ಕಾಲಿನ ಮೇಲೆ ಇತ್ತು. ಅವರಿಗೆ ನನ್ನ ದನಿ ಬೇಕಾಗಿರಲಿಲ್ಲ, ನನ್ನ ಕಾಲು ಬೇಕಾಗಿತ್ತು. ಆ ಖುಷಿಗೆ ನನ್ನ ದನಿ ಇನ್ನೂ ದಪ್ಪವಾಯಿತೇನೋ, ಎದೆಯ ನಡುಕ ಜಾಸ್ತಿಯಾಯಿತು.

ಎಡಕ್ಕೆ ಜಿಗಿದು ಒಬ್ಬನ ಭುಜ ಮುಟ್ಟಿದೆ. ಮುಟ್ಟಿದೆ! ತಿರುಗಿ ಹಾರಿದೆ. ಹಾರಿದವನನ್ನು ಗಾಳಿಯಲ್ಲೇ ಜೆಸಿಬಿಯವನು ಸೊಂಟಕ್ಕೆ ತಬ್ಬಿಕೊಂಡ. ಅವನ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ. ನಾನು ಎಲ್ಲರ ಅಡಿಯಲ್ಲಿ. ಒಂದು ಕೈ ಮಾತ್ರ ಹೊರಗಿತ್ತು, ಗೆರೆಯ ಸುಣ್ಣ ಕಣ್ಣಿನ ಎದುರಿಗೇ ಇತ್ತು. ದಮ್ಮು ಬಿಟ್ಟಿರಲಿಲ್ಲ, ಗಂಟಲು ಇನ್ನೂ ನಡುಗುತ್ತಿತ್ತು. ತೆವಳಿದೆ. ಮೊಣಕಾಲಿನ ಚರ್ಮ ಕಿತ್ತುಹೋದದ್ದು ಗೊತ್ತಾಯಿತು.

ಆಗ ಮೇಷ್ಟ್ರು ಬಂದರು. ಮಣ್ಣಿನಲ್ಲಿ ಬೋರಲು ಮಲಗಿದರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಯಾವುದನ್ನೂ ನೋಡಲಿಲ್ಲ. ತಮ್ಮ ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದು ಇಟ್ಟು, ಕಣ್ಣು ಮುಚ್ಚಿ, ಒಂದು ಕೈ ಮೇಲೆತ್ತಿ ಜನರಿಗೆಲ್ಲ ಸುಮ್ಮನಿರಿ ಎಂದು ಸನ್ನೆ ಮಾಡಿದರು. ಮೈಕು ನಿಂತಿತಂತೆ. ಟ್ರ್ಯಾಕ್ಟರ್ ಮೇಲಿನವರ ನಗು ನಿಂತಿತಂತೆ. ಆಮೇಲೆ ತಂಗಿ ಹೇಳಿದ್ದು, ಆ ಇಡೀ ಮೈದಾನದಲ್ಲಿ ಆಗ ನನ್ನ ದನಿ ಒಂದೇ ಇತ್ತು.

ನನ್ನ ಕಿವಿಗೆ ಬಾಯಿ ಹಚ್ಚಿದವರು ಲೆಕ್ಕವಿಲ್ಲದಷ್ಟು ಜನ. ನನ್ನ ಬಾಯಿಗೆ ಕಿವಿ ಹಚ್ಚಿದವರು ಅವರೊಬ್ಬರೇ.

ಗೆರೆಗೆ ಇನ್ನು ಒಂದು ಬೆರಳಿನಷ್ಟು ದೂರ ಇರುವಾಗ ದಮ್ಮು ಮುಗಿಯಿತು. ಮೇಷ್ಟ್ರು ಕಣ್ಣು ತೆರೆದರು, ಎದ್ದರು, ಕೆಂಪು ಟವೆಲ್ ಎತ್ತಿದರು. ಔಟ್. ಒಂದಿಷ್ಟೂ ದಾಕ್ಷಿಣ್ಯ ಮಾಡಲಿಲ್ಲ. ಅದೇ ಕೊನೆಯ ಸರದಿ, ನಾವು ಸೋತೆವು.

ಮಣ್ಣಿನಲ್ಲೇ ಅಂಗಾತ ಬಿದ್ದು ಏದುಸಿರು ಬಿಡುತ್ತಿದ್ದೆ. ತಂಗಿ ಹಗ್ಗ ದಾಟಿ ಓಡಿ ಬಂದಳು. ಅವಳ ಕಣ್ಣು ತುಂಬಿತ್ತು. ಸೋತದ್ದಕ್ಕೆ ಅಳುತ್ತಿದ್ದಾಳೆ ಎಂದುಕೊಂಡೆ. ಅವಳು ಕೈಯಲ್ಲಿ ಹೇಳಿದ್ದು ಬೇರೆ: "ಅಣ್ಣಾ, ನಿನ್ನ ದನಿ ಥೇಟ್ ಅಪ್ಪನ ದನಿ. ಹಿತ್ತಲಿನಿಂದ ಕೂಗುತ್ತಾರಲ್ಲ, ಹಾಗೇ." ನನಗೆ ಅಪ್ಪನ ಮೂಗು ಬಂದಿದೆ, ಅಪ್ಪನ ಸಿಟ್ಟು ಬಂದಿದೆ ಅಂತ ಗೊತ್ತಿತ್ತು. ದನಿಯೂ ಬಂದಿದೆ ಅಂತ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಹೇಳುವುದಕ್ಕೆ ನಾನು ಕೇಳಿಸಿದ್ದರೆ ತಾನೆ? ನನಗೆ ಅಳು ತಡೆಯಲಾಗಲಿಲ್ಲ, ನಗುವೂ ತಡೆಯಲಾಗಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷರು ಬಂದರು, ಬಿಟ್ಟಾರೆಯೇ? ಹಿಂದೆ ಫೋಟೋ ತೆಗೆಯುವವನು, ಕೈಯಲ್ಲಿ ಜರಿ ಅಂಚಿನ ಶಾಲುಗಳ ರಾಶಿ. ಮೈಕಿನಲ್ಲಿ ಏನೇನೋ ಹೇಳುತ್ತ ಮೊದಲ ಶಾಲನ್ನು ಬಿಡಿಸಿ ನನ್ನ ಹೆಗಲ ಮೇಲೆ ಹೊದಿಸಿದರು. ನಾನು ನೆಲದ ಮೇಲೆ ಕೂತವನು ಏನು ಮಾಡಬೇಕೋ ತಿಳಿಯದೆ ಕೂತೇ ಇದ್ದೆ.

ಜೆಸಿಬಿಯವನು ಮೂಗಿಗೆ ಹತ್ತಿ ಇಟ್ಟುಕೊಂಡು ಬಂದ. ಅಧ್ಯಕ್ಷರ ಕಡೆ ನೋಡಲೇ ಇಲ್ಲ. ನನ್ನ ಮೊಣಕಾಲಿನಿಂದ ರಕ್ತ ಇಳಿಯುತ್ತಿರುವುದನ್ನು ನೋಡಿ ಕುಕ್ಕರಗಾಲಿನಲ್ಲಿ ಕೂತ. ನನ್ನ ಹೆಗಲ ಮೇಲಿದ್ದ ಶಾಲನ್ನು ಎಳೆದು ತೆಗೆದು, ಮಡಚಿ, ಮೊಣಕಾಲಿಗೆ ಸುತ್ತಿ ಬಿಗಿಯಾಗಿ ಗಂಟು ಹಾಕಿದ. ಬೇಕಂತಲೇ ಸ್ವಲ್ಪ ಜಾಸ್ತಿ ಬಿಗಿ. ಅಧ್ಯಕ್ಷರ ಬಾಯಿ ತೆರೆದದ್ದು ಮುಚ್ಚಲಿಲ್ಲ, ಫೋಟೋದವನು ಮಾತ್ರ ಬಿಡದೆ ತೆಗೆದ. ಆಮೇಲೆ ಜೆಸಿಬಿಯವನು ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡ. ಕಿರುಚಲಿಲ್ಲ. ಎದುರಿಗೆ ಕೂತು, ತುಟಿ ಕಾಣುವ ಹಾಗೆ, ಒಂದೊಂದೇ ಮಾತು ಸಾವಕಾಶ ಹೇಳಿದ:

"ಮುಂದಿನ್ ವರ್ಷ ಬಾ ಮಗನೆ. ಇನ್ನೊಂದು ಮೊಣಕಾಲು ಐತಲ್ಲ, ಅದನ್ನ ನೋಡ್ಕಂತೀನಿ."